ಮೂರು ಖಾಲಿ ಚೌಕ

ದೆವ್ವ, ಭೂತದ ಕಥೆ ಹೇಳುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಸಿಟ್ಟು. ಹೆದರಿಕೆಯಲ್ಲ, ತಮಾಷೆಯೂ ಅಲ್ಲ, ಸಿಟ್ಟು. ನನ್ನ ಭಾವ ಮಲ್ಲಾಪುರದ ಕ್ವಾರ್ಟರ್ಸಿನಲ್ಲಿದ್ದಾನೆ. ವಿಜ್ಞಾನ ಓದಿ, ಪರೀಕ್ಷೆ ಬರೆದು, ಅಣುವಿದ್ಯುತ್ ಸ್ಥಾವರದಲ್ಲಿ ಕೆಲಸ ಹಿಡಿದವನು. ಅಂಥವನು ಚೌತಿಗೆ ಕಿನ್ನರ ಎಂಬ ಹಳ್ಳಿಯ ನಮ್ಮ ಮನೆಗೆ ಬಂದಾಗಲೆಲ್ಲ, ಒಮ್ಮೆ ಪಾಳಿ ಮುಗಿಸಿ ಬರುವಾಗ ಬೈಕಿನ ಹಿಂದಿನ ಸೀಟು ಇದ್ದಕ್ಕಿದ್ದಂತೆ ಭಾರವಾದ ಕಥೆಯನ್ನು ಕಣ್ಣರಳಿಸಿ ಹೇಳುತ್ತಿದ್ದ. ಹೆಂಗಸರು ಮಕ್ಕಳು ಬಾಯಿ ಬಿಟ್ಟು ಕೇಳುತ್ತಿದ್ದರು. ಒಂದು ವರ್ಷ ನಾನು ಊಟದ ಎಲೆಯ ಮುಂದಿನಿಂದ ಎದ್ದು, "ಟೈರಿನ ಗಾಳಿ ಹೋಗಿತ್ತು, ಮತ್ತೆಂತದೂ ಅಲ್ಲ" ಎಂದು ಕೂಗಿದೆ. ಅಕ್ಕ ಮುಂದಿನ ಹಬ್ಬದವರೆಗೆ ನನ್ನ ಜೊತೆ ಮಾತು ಬಿಟ್ಟಿದ್ದಳು.

ಅಂಥ ನಾನೇ ಈಗ ಇದನ್ನು ಬರೆಯುತ್ತಿದ್ದೇನೆ. ನೀವು ನಂಬಬೇಕೆಂದು ಕೇಳುವುದಿಲ್ಲ. ಬೇರೆ ಯಾರಾದರೂ ಹೇಳಿದ್ದರೆ ನಾನೂ ನಂಬುತ್ತಿರಲಿಲ್ಲ. ನನಗಾದದ್ದರಲ್ಲಿ ಕತ್ತಲೆಯಿಲ್ಲ, ಸ್ಮಶಾನವಿಲ್ಲ, ಬಿಳಿ ಸೀರೆಯಿಲ್ಲ. ಹಾಡಹಗಲು, ಕಚೇರಿಯಲ್ಲಿ, ಕಂಪ್ಯೂಟರಿನ ಮುಂದೆ ನಡೆದದ್ದು. ಕಂಪ್ಯೂಟರು ನನ್ನ ಕಸುಬು. ಅದರಲ್ಲಿ ಕೆಟ್ಟದ್ದಕ್ಕೆಲ್ಲ ಒಂದು ಕಾರಣ ಇದ್ದೇ ಇರುತ್ತದೆ ಎಂಬುದರ ಮೇಲೆಯೇ ನನ್ನ ಅನ್ನ ನಡೆದಿರುವುದು. ಅಲ್ಲಿಯೇ ನನಗೆ ಕಾರಣ ಸಿಗಲಿಲ್ಲ.

ಆಗ ನಾನು ಕಾರವಾರದಲ್ಲಿ ಹಡಗಿನ ಏಜೆಂಟರ ಕಚೇರಿಯೊಂದರಲ್ಲಿದ್ದೆ. ಕಬ್ಬಿಣದ ಅದಿರಿಗೆ ಚೀನಾದಲ್ಲಿ ಬೇಡಿಕೆ ಏರಿ, ನಮ್ಮ ಸಮುದ್ರದಲ್ಲಿ ಹಡಗುಗಳು ಸಾಲುಗಟ್ಟಿ ನಿಲ್ಲುತ್ತಿದ್ದ ವರ್ಷಗಳವು. ಹೆದ್ದಾರಿಯ ಅಂಚಿನ ಗಿಡಗಳ ಎಲೆ, ಅಂಕೋಲೆಯ ಅಂಗಡಿಗಳ ಬೋರ್ಡು, ನಮ್ಮ ಅಂಗಿಯ ಕಾಲರು ಎಲ್ಲ ಕೆಂಪು. ಹಡಗು ಬಂದರೆ ಅದರ ಕಾಗದಪತ್ರ, ಕುಡಿಯುವ ನೀರು, ತರಕಾರಿ, ನಾವಿಕರಿಗೆ ಹುಷಾರಿಲ್ಲದಿದ್ದರೆ ಡಾಕ್ಟರು, ಇವನ್ನೆಲ್ಲ ನೋಡಿಕೊಳ್ಳುವುದು ನಮ್ಮ ಕೆಲಸ. ಮಾಲೀಕರು ರಾಯ್ಕರ್ ಸಾಹೇಬರು. ನಾನು ಕಂಪ್ಯೂಟರ್ ಡಿಪ್ಲೊಮಾ ಮಾಡಿದವನೆಂದು ಮೇಲ್, ವರದಿ, ಪ್ರಿಂಟರು, ಕೊನೆಗೆ ಇನ್ವರ್ಟರಿನ ಬ್ಯಾಟರಿಗೆ ನೀರು ಹಾಕುವುದೂ ನನ್ನ ಪಾಲಿಗೇ ಬಿದ್ದಿತ್ತು.

ಏಪ್ರಿಲ್ ತಿಂಗಳ ಒಂದು ಬೆಳಿಗ್ಗೆ ಬೇಲೇಕೇರಿಯಾಚೆ ಲಂಗರು ಹಾಕಿದ್ದ ಚೀನೀ ಹಡಗೊಂದರಲ್ಲಿ ಉಕ್ಕಿನ ಹಗ್ಗ ತುಂಡಾಯಿತು. ಅದು ಎತ್ತಿ ಹಿಡಿದಿದ್ದ, ಅದಿರು ತುಂಬುವ ಅಂಕಣದ ಕಬ್ಬಿಣದ ಮುಚ್ಚಳ ಒಬ್ಬ ನಾವಿಕನ ಕಾಲಿನ ಮೇಲೆ ಬಿತ್ತು. ಲಾಂಚಿನಲ್ಲಿ ದಡಕ್ಕೆ ತಂದು ಅಂಕೋಲೆಯ ಒಂದು ಸಣ್ಣ ಖಾಸಗಿ ಆಸ್ಪತ್ರೆಗೆ ಸೇರಿಸಿದೆವು. ಡಾಕ್ಟರು ಗಾಯ ತೊಳೆದು ಕಟ್ಟಿ ಹೊರಗೆ ಬಂದು ಹೇಳಿದರು: "ಮೂಳೆ ಪುಡಿಯಾಗಿದೆ, ಗಾಯದೊಳಗೆಲ್ಲ ಅದಿರಿನ ಧೂಳು. ಇದು ನನ್ನ ಕೈಲಿ ಆಗುವ ಕೆಲಸ ಅಲ್ಲ. ಇವತ್ತೇ ಗೋವಾಕ್ಕೆ ಒಯ್ಯಿರಿ. ಒಳಗೆ ಕೀವಾದ್ರೆ ಕಾಲು ಉಳಿಯುದಿಲ್ಲ."

ಇವತ್ತೇ ಒಯ್ಯಬಹುದಿತ್ತು. ಅಂಕೋಲೆಯಿಂದ ಕಾರವಾರ, ಕಾಳಿ ಸೇತುವೆ ದಾಟಿದರೆ ಸದಾಶಿವಗಡ, ಅದರಾಚೆ ಗೋವಾದ ರಸ್ತೆ. ಆದರೆ ಗೋವಾದ ಆಸ್ಪತ್ರೆಯವರು ವಿದೇಶಿ ನಾವಿಕನೆಂದರೆ ಖರ್ಚಿಗೆ ಯಾರು ಹೊಣೆ ಎಂದು ಮೊದಲು ಕೇಳುತ್ತಾರೆ. ಹೊಣೆ ಹೊರಬೇಕಾದದ್ದು ಹಡಗಿನ ವಿಮೆಯವರು. ಅವರ ಖಾತರಿ ಪತ್ರ ಬರುವವರೆಗೆ ರಾಯ್ಕರ್ ಸಾಹೇಬರು ಗಾಡಿ ಕದಲಿಸಲು ಒಪ್ಪಲಿಲ್ಲ. "ನಾಡಿದ್ದು ಹಡಗು ಲಂಗರು ಎತ್ತಿಕೊಂಡು ಹೋಗ್ತದೆ ರೇ. ಆಮೇಲೆ ಬಿಲ್ಲು ಯಾರ ಕುತ್ತಿಗೆಗೆ? ನನ್ನದಕ್ಕೇ. ಒಂದು ಸಲ ಅನುಭವಿಸಿ ಆಗಿದೆ" ಎಂದರು. ಇದಕ್ಕೆ ನನಗೆ ಆಗಲೇ ಸಿಟ್ಟು ಬಂದಿತ್ತು. ಆದರೆ ಒಂದು ವರದಿ ತಾನೆ, ಮಧ್ಯಾಹ್ನದೊಳಗೆ ಕಳಿಸಿ ಮುಗಿಸುತ್ತೇನೆ ಎಂದು ಸುಮ್ಮನಾದೆ.

ವಿಮೆಯವರದು ಒಂದು ಪುಟದ ವರದಿ, ಇಂಗ್ಲಿಷ್ ಮತ್ತು ಚೀನೀ ಎರಡೂ ಭಾಷೆಯಲ್ಲಿ. ಅದನ್ನು ತುಂಬಿಸುವ ಪ್ರೋಗ್ರಾಮನ್ನೂ ಅವರೇ ಕೊಟ್ಟಿದ್ದರು. ತುಂಬಿಸಿ, ಗುಂಡಿ ಒತ್ತಿದರೆ ಪಿಡಿಎಫ್ ಆಗಿ ಹೊರಗೆ ಬರುತ್ತದೆ, ಅದನ್ನು ಮೇಲ್ ಮಾಡುವುದು. ಗಾಯಗೊಂಡವನ ಹೆಸರು ಚೀನೀ ಅಕ್ಷರದಲ್ಲೇ ಇರಬೇಕು. ಇಂಗ್ಲಿಷಿನಲ್ಲಿ ಒಂದೇ ಥರ ಬರೆಯುವ ಹೆಸರು ಅವರ ದೇಶದಲ್ಲಿ ಬೀದಿಗೆ ನಾಲ್ಕಂತೆ. ಹಡಗಿನ ಕ್ಯಾಪ್ಟನ್ ಹೆಸರುಗಳನ್ನೆಲ್ಲ ಟೈಪ್ ಮಾಡಿದ ಫೈಲನ್ನು ಕಳಿಸಿದ್ದ. ನಾನು ಅದರಿಂದ ಎತ್ತಿ ವರದಿಗೆ ಅಂಟಿಸಿ ಕಳಿಸಿದೆ. ಸ್ವಲ್ಪ ಹೊತ್ತಿಗೆ ಉತ್ತರ ಬಂತು: ವರದಿ ಓದಲು ಬರುವುದಿಲ್ಲ, ಇನ್ನೊಮ್ಮೆ ಕಳಿಸಿ. ತೆರೆದು ನೋಡಿದೆ. ಇಂಗ್ಲಿಷ್ ಸರಿಯಿತ್ತು. ಚೀನೀ ಇರಬೇಕಾದಲ್ಲೆಲ್ಲ ಸಣ್ಣ ಸಣ್ಣ ಖಾಲಿ ಚೌಕಗಳು, ಹೆಂಚು ಜೋಡಿಸಿದ ಹಾಗೆ.

ಇದೇನು ದೊಡ್ಡ ಸಂಗತಿಯಲ್ಲ. ಫಾಂಟ್ ಎಂದರೆ ಅಕ್ಷರದ ಅಚ್ಚು. ಅಚ್ಚಿಲ್ಲದ ಅಕ್ಷರ ಬಂದರೆ ಕಂಪ್ಯೂಟರು ಏನು ಮಾಡಬೇಕೆಂದು ತಿಳಿಯದೆ ಚೌಕ ಬರೆದುಬಿಡುತ್ತದೆ. ಕನ್ನಡದಲ್ಲಿ ಕೆಲಸ ಮಾಡಿದವರಿಗೆಲ್ಲ ಆ ಕಾಲದಲ್ಲಿ ಈ ಪೀಡೆ ಗೊತ್ತಿತ್ತು. ನಾನು ಕಂಪ್ಯೂಟರಿನ ಜೊತೆ ಬಂದಿದ್ದ ಸಿಡಿ ಹುಡುಕಿ, ಅದರಿಂದ ಪೂರ್ವ ಏಷ್ಯಾದ ಭಾಷೆಗಳನ್ನು ಸೇರಿಸಿದೆ. ಪಿಡಿಎಫ್ ಮಾಡುವಾಗ ಅಚ್ಚನ್ನೂ ಅದರ ಹೊಟ್ಟೆಯೊಳಗೆ ಇಟ್ಟು ಕಳಿಸುವಂತೆ ಬದಲಾಯಿಸಿದೆ. ನಡುವೆ ಎರಡು ಸಲ ಕರೆಂಟು ಹೋಗಿ, ಇನ್ವರ್ಟರೂ ತಾಳದೆ, ಕಂಪ್ಯೂಟರು ಆರಿತು. ಸಂಜೆಯ ಹೊತ್ತಿಗೆ ಪುಟದ ತುಂಬ ಚೀನೀ ಅಕ್ಷರಗಳು ಕಪ್ಪಗೆ, ಗುಂಡಗೆ ಮೂಡಿ ಬಂದವು. ಮೇಲಿನ ತಲೆಬರಹ ಬಂತು, ಹಡಗಿನ ಹೆಸರು ಬಂತು, ಶಾಂಘೈ ವಿಳಾಸ ಬಂತು, ಕ್ಯಾಪ್ಟನ್ ಹೆಸರು ಬಂತು. ಗಾಯಗೊಂಡವನ ಹೆಸರಿದ್ದಲ್ಲಿ ಮಾತ್ರ ಮೂರು ಖಾಲಿ ಚೌಕ.

ಅವನ ಹೆಸರು ವಾಂಗ್ ಹಾಯ್ ಮಿಂಗ್. ಮೂರು ಅಕ್ಷರ. ಚೀನೀ ನನಗೆ ಬಾರದು, ಆದರೆ ನೋಡಿ ನೋಡಿ ಆ ಮೂರೂ ಕಣ್ಣಿಗೆ ಕಟ್ಟಿದವು. ಮೊದಲನೆಯದು ಒಂದು ಕಂಬ, ಅದಕ್ಕೆ ಅಡ್ಡಲಾಗಿ ಮೂರು ಪಟ್ಟಿ. ಅದೇ ಅಕ್ಷರ ಕ್ಯಾಪ್ಟನ್ ಹೆಸರಿನ ಆರಂಭದಲ್ಲೂ ಇತ್ತು, ಅವನೂ ವಾಂಗ್. ಅಲ್ಲಿ ಸರಿಯಾಗಿ ಮೂಡಿತ್ತು. ಎರಡನೆಯದು ಶಾಂಘೈ ಎಂಬುದರ ಎರಡನೇ ಅಕ್ಷರ. ವಿಳಾಸದಲ್ಲಿ ಸರಿಯಾಗಿತ್ತು. ಮೂರನೆಯದು ತಲೆಬರಹದಲ್ಲೇ ಇತ್ತು, ದಪ್ಪಗೆ. ಒಂದೇ ಪುಟ, ಒಂದೇ ಅಚ್ಚು, ಅವೇ ಅಕ್ಷರಗಳು. ಮೂರು ಕಡೆ ಬಿಡಿಬಿಡಿಯಾಗಿ ಬರುತ್ತವೆ, ಇವನ ಹೆಸರಾಗಿ ಒಟ್ಟಿಗೆ ಬರುವುದಿಲ್ಲ.

ಫೈಲಿನಲ್ಲೇ ಏನೋ ದೋಷವಿರಬೇಕೆಂದು ತಲೆಬರಹದಿಂದ, ವಿಳಾಸದಿಂದ, ಕ್ಯಾಪ್ಟನ್ ಹೆಸರಿನಿಂದ ಒಂದೊಂದೇ ಅಕ್ಷರ ಎತ್ತಿ ತಂದು ಅವನ ಹೆಸರು ಕಟ್ಟಿದೆ. ಪರದೆಯ ಮೇಲೆ ಕಾಣಿಸಿತು, ಪಿಡಿಎಫ್ ಮಾಡಿದರೆ ಚೌಕ. ಹೆಸರಿನ ಖಾನೆ ಕೆಟ್ಟಿರಬೇಕೆಂದು ಅಲ್ಲಿ ಕ್ಯಾಪ್ಟನ್ ಹೆಸರು ಹಾಕಿದೆ, ಸರಿಯಾಗಿ ಬಂತು. ಕ್ಯಾಪ್ಟನ್ ಖಾನೆಯಲ್ಲಿ ಇವನ ಹೆಸರು ಹಾಕಿದೆ, ಚೌಕ. ಪಕ್ಕದ ಮೇಜಿನ ಇನ್ನೊಂದು ಕಂಪ್ಯೂಟರಿಗೆ ಎಲ್ಲವನ್ನೂ ಹೊಸದಾಗಿ ಹಾಕಿ ನೋಡಿದೆ, ಚೌಕ. ಹಡಗಿನಲ್ಲಿ ಅವರೇ ಅಚ್ಚು ಹಾಕಿ ಕೊಟ್ಟ ನಾವಿಕರ ಪಟ್ಟಿಯಲ್ಲಿ ಅದೇ ಹೆಸರು ನೀಟಾಗಿ ಇದೆ, ನನ್ನ ಕಣ್ಣ ಮುಂದೆಯೇ ಇದೆ! ಮೌಸನ್ನು ಎತ್ತಿ ಗೋಡೆಗೆ ಹೊಡೆದೆ. ಅದು ಒಡೆದು, ಒಳಗಿನ ಗುಂಡು ಉರುಳಿಕೊಂಡು ಸಾಹೇಬರ ಮೇಜಿನ ಕೆಳಗೆ ಹೋಯಿತು.

"ಕಿತೆಂ ರೇ, ಏನಾಯ್ತು?" ಎಂದು ಸಾಹೇಬರು ಕೇಳಿದರು.

"ಹೆಸರು ಬರ್ತಾ ಇಲ್ಲ ಸಾಹೇಬ್ರೆ."

"ಹೆಸರು ಬರುದಿಲ್ಲಾ ಅಂದ್ರೆ ಎಂತದು? ಬಾಕಿದ್ದೆಲ್ಲ ಬಂದಿದೆ ಅಲ್ಲ?"

ಹೆಸರನ್ನು ನೋಡಿಕೊಂಡು ಕೈಯಲ್ಲಿ ಬರೆದು ಸ್ಕ್ಯಾನ್ ಮಾಡಿ ಕಳಿಸಿದೆ. ಕೈಬರಹ, ಚಿತ್ರ ನಡೆಯುವುದಿಲ್ಲ, ಅಕ್ಷರವನ್ನೇ ಕಳಿಸಿ ಎಂದು ಮರುದಿನ ಬೆಳಿಗ್ಗೆ ಉತ್ತರ ಬಂತು. ಸೌಜನ್ಯದ ಉತ್ತರ, ಕೊನೆಯಲ್ಲಿ ವಂದನೆ ಬೇರೆ. ಅಲ್ಲಿ ಅಂಕೋಲೆಯಲ್ಲಿ ಒಬ್ಬನ ಕಾಲು ಕೊಳೆಯುತ್ತಿದೆ, ಇಲ್ಲಿ ಇವರು ವಂದನೆ ಹೇಳುತ್ತಿದ್ದಾರೆ. ಸಾಹೇಬರ ಮೇಲೆ ಹಾಯ್ದುಬಿದ್ದೆ. ಗಾಡಿ ಕಳಿಸಿ, ಕಾಗದ ಆಮೇಲೆ ನೋಡೋಣ ಎಂದೆ. "ನೀನು ಕಂಪ್ಯೂಟರ್ ಸರಿ ಮಾಡು, ನನಗೆ ಧರ್ಮ ಕಲಿಸುದು ಬೇಡ" ಎಂದರು. ಚೌಕದ ವರದಿಯನ್ನು ಅಚ್ಚು ಹಾಕಿ, ಮಡಚಿ ಜೇಬಿಗೆ ತುರುಕಿಕೊಂಡು ಬೈಕು ಹತ್ತಿದೆ.

ಅಂಕೋಲೆಗೆ ಹೋದದ್ದು ಹಡಗಿನ ಸೆಕೆಂಡ್ ಆಫೀಸರನ ಜೊತೆ ಜಗಳ ಮಾಡಲಿಕ್ಕೆ. ಗಾವೊ ಎಂದು ಅವನ ಹೆಸರು. ಗಾಯಾಳುವಿನ ಜೊತೆಗಿರಲು ಕ್ಯಾಪ್ಟನ್ ಅವನನ್ನು ಇಳಿಸಿ ಕಳಿಸಿದ್ದ. ದಾರಿಯುದ್ದಕ್ಕೂ ಅದಿರಿನ ಲಾರಿಗಳು. ಬಾಯಿ ತುಂಬ ಧೂಳು ಕುಡಿದು, ಆಸ್ಪತ್ರೆಗೆ ಮುಟ್ಟುವಾಗ ನನ್ನ ತಲೆ ಕಾದ ಕಾವಲಿಯಂತಾಗಿತ್ತು.

ವಾರ್ಡಿನಲ್ಲಿ ಮಂಗಲಕ್ಕ ಗಾಯದ ಪಟ್ಟಿ ಬಿಚ್ಚುತ್ತಿದ್ದರು. ಅಂಕೋಲೆಯ ಕಡೆಯವರೇ, ವರ್ಷಗಟ್ಟಲೆಯಿಂದ ಅಲ್ಲಿ ನರ್ಸು. ಮೊದಲ ದಿನವೇ ಅವರು ಕಾಗದ ನೋಡಿ, "ಇಪ್ಪತ್ತೊಂಬತ್ತು ವರ್ಷಾನಾ ಇಂವಗೆ? ಮುಖ ನೋಡು ತಮಾ, ಇನ್ನೂ ಮೀಸೆ ಸಮ ಬಂದಿಲ್ಲ" ಎಂದಿದ್ದರು. ಚೀನಾದವರ ವಯಸ್ಸು ನಮಗೆ ತಿಳಿಯುವುದಿಲ್ಲ ಎಂದು ನಾನೇ ಮಾತು ತೇಲಿಸಿದ್ದೆ. ಈಗ ಅವನ ಮುಖ ಇನ್ನೂ ಸಣ್ಣದಾಗಿತ್ತು. ನೋವಿಗೆ ಕೊಟ್ಟ ಇಂಜೆಕ್ಷನ್ನಿನ ಮಂಪರಿನಲ್ಲಿ ಕಣ್ಣು ಮುಚ್ಚಿ ಮಲಗಿದ್ದ. ಬಂದಾಗಿನಿಂದ ಒಂದು ಮಾತೂ ಆಡಿರಲಿಲ್ಲ. ಪಟ್ಟಿ ಬಿಚ್ಚಿದೊಡನೆ ಕೋಣೆಯಲ್ಲಿ ವಾಸನೆ ಹರಡಿತು. ಆ ವಾಸನೆಯನ್ನು ನಾನು ವಿವರಿಸುವುದಿಲ್ಲ.

ಗಾವೊ ಮಂಚದ ಪಕ್ಕದ ಸ್ಟೂಲಿನಲ್ಲಿ ಕೂತಿದ್ದ. ನಾನು ಕಾಗದವನ್ನು ಅವನ ತೊಡೆಯ ಮೇಲೆ ಎಸೆದೆ. "ನೀವು ಕಳಿಸಿದ ಹೆಸರು ಇದು. ನೋಡು, ಓದು!" ಎಂದು ಇಂಗ್ಲಿಷಿನಲ್ಲಿ ಕೂಗಿದೆ. ಅವನು ಕಾಗದ ಬಿಡಿಸಿ, ಚೌಕಗಳನ್ನು ಕಂಡು, ಅರ್ಥವಾಗದೆ ನನ್ನನ್ನು ನೋಡಿದ. ಆಮೇಲೆ ಆ ಖಾನೆಯ ಮೇಲೆ ಬೆರಳಿಟ್ಟು ದೊಡ್ಡ ದನಿಯಲ್ಲಿ ಹೆಸರು ಹೇಳಿದ: "ವಾಂಗ್ ಹಾಯ್ ಮಿಂಗ್?"

ಮಂಚದ ಮೇಲಿನವನು ಕಣ್ಣು ಬಿಟ್ಟ. ತಲೆಯನ್ನು ಆ ಕಡೆ ಈ ಕಡೆ ಆಡಿಸಿದ. ಅಲ್ಲ ಎನ್ನುವುದಕ್ಕೆ ಎಲ್ಲ ದೇಶದವರೂ ಆಡಿಸುವ ಹಾಗೆ. ಒಣಗಿದ ತುಟಿಯಲ್ಲಿ ಏನೋ ಹೇಳಿದ. ಗಾವೊ ಸರ್ರನೆ ಎದ್ದು ಅವನಿಗೆ ಏನನ್ನೋ ಗದರಿದ. ಅವನು ಮತ್ತೆ ಹೇಳಿದ, ಇನ್ನೂ ಗಟ್ಟಿಯಾಗಿ, ಅದೇ ಮೂರು ಸದ್ದು.

"ಎಂತಾ ಹೇಳ್ತಾ ಇಂವ?" ಎಂದು ಮಂಗಲಕ್ಕ ಕೇಳಿದರು. ನಾನು ಅದನ್ನೇ ಗಾವೊನಿಗೆ ಇಂಗ್ಲಿಷಿನಲ್ಲಿ ಕೇಳಿದೆ.

"ಜ್ವರ. ಜ್ವರದ ಮಾತು," ಎಂದ ಗಾವೊ.

"ಜ್ವರದ್ದಲ್ಲ. ಇಂವ ಬುದ್ಧಿ ಇಟ್ಕಂಡೇ ಹೇಳ್ತಿದ್ದಾ. ನಂಗೆ ಜ್ವರದ ಮಾತು ಗೊತ್ತಿಲ್ಯಾ? ತಮಾ, ಆ ಮನ್ಷನ್ನ ಹೊರಗೆ ಕರ್ಕಂಡು ಹೋಗು, ಇಲ್ಲೆ ನಿಂತು ಬೊಬ್ಬೆ ಹೊಡ್ಸುದು ಬೇಡ."

ಗಾವೊನ ರಟ್ಟೆ ಹಿಡಿದು ಹೊರಗೆ ತಂದೆ. ಕಂಪೌಂಡಿನ ಬಾದಾಮಿ ಮರದ ಕೆಳಗೆ ನಿಲ್ಲಿಸಿ, ಅವನು ಏನು ಹೇಳಿದ ಎಂದು ಕೇಳಿದೆ. ಮೊದಲು ಏನೂ ಇಲ್ಲವೆಂದ. ನಾನು ಬಿಡಲಿಲ್ಲ. ಕೊನೆಗೆ ಕುಕ್ಕರುಗಾಲಲ್ಲಿ ಕೂತು, ನೆಲ ನೋಡುತ್ತ, ಮುರುಕು ಇಂಗ್ಲಿಷಿನಲ್ಲಿ ಒಂದೊಂದೇ ಮಾತು ಹೊರಗೆ ಹಾಕಿದ. ಹುಡುಗನ ನಿಜವಾದ ಹೆಸರು ಲೀ ಷುಯ್ ಷೆಂಗ್. ವಯಸ್ಸು ಹತ್ತೊಂಬತ್ತು. ವಾಂಗ್ ಹಾಯ್ ಮಿಂಗ್ ಎಂಬವನು ಅವನ ದೊಡ್ಡಮ್ಮನ ಮಗ, ನಾವಿಕನ ತರಬೇತಿ, ಪರವಾನಗಿ ಎಲ್ಲ ಇರುವವನು. ಅವನಿಗೆ ಸಮುದ್ರ ಬೇಡವಾಯಿತು, ಇವನಿಗೆ ಕೆಲಸ ಬೇಕಾಗಿತ್ತು. ಅವನ ಕಾಗದದ ಮೇಲೆ ಇವನು ಹಡಗು ಹತ್ತಿದ. ಕ್ಯಾಪ್ಟನ್ನಿಗೆ ಗೊತ್ತಾದದ್ದು ನಡುಗಡಲಿನಲ್ಲಿ.

"ನೀನು ವಾಂಗ್ ಎಂದೇ ಬರೆ," ಎಂದ ಗಾವೊ. "ದಯವಿಟ್ಟು. ಲೀ ಎಂದರೆ ವಿಮೆಯಿಲ್ಲ. ಕ್ಯಾಪ್ಟನ್ನಿಗೆ ಕೆಲಸವಿಲ್ಲ. ಹುಡುಗನಿಗೆ ಆಸ್ಪತ್ರೆಯಿಲ್ಲ. ವಾಂಗ್ ಎಂದು ಬರೆ."

"ನಿನ್ನೆಯಿಂದ ಅದನ್ನೇ ಬರೆಯುತ್ತಿದ್ದೇನೆ," ಎಂದೆ. "ಬರುತ್ತಿಲ್ಲ."

ಹೇಳಿದ ಮೇಲೆ ನನ್ನ ಮಾತು ನನಗೇ ಕೇಳಿಸಿತು. ಗಾವೊ ತಲೆಯೆತ್ತಿ ನೋಡಿದ. ಬಿಸಿಲು ಧಗಧಗ ಎನ್ನುತ್ತಿತ್ತು, ಬೆವರು ಇಳಿಯುತ್ತಿತ್ತು, ಆದರೂ ನನ್ನ ಎರಡೂ ಕೈಗಳ ರೋಮ ನಿಂತುಕೊಂಡದ್ದು ನೆನಪಿದೆ.

ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ಕಾರವಾರಕ್ಕೆ ಬಂದೆ. ನಾನೇ ಏನೋ ತಪ್ಪು ಮಾಡುತ್ತಿರಬೇಕು, ಭಾಷೆ ಬಲ್ಲವನು ಟೈಪ್ ಮಾಡಿದರೆ ಬರಬಹುದು ಎಂಬ ಆಸೆ ಇಬ್ಬರಿಗೂ ಇತ್ತು. ಅವನು ಕುರ್ಚಿಯಲ್ಲಿ ಕೂತು, ತನ್ನ ಬೆರಳುಗಳಿಂದಲೇ ವಾಂಗ್ ಹಾಯ್ ಮಿಂಗ್ ಎಂದು ಟೈಪ್ ಮಾಡಿದ. ಪಿಡಿಎಫ್ ತೆಗೆದೆವು. ಮೂರು ಚೌಕ. ಇನ್ನೊಮ್ಮೆ, ಮತ್ತೆ ಚೌಕ. ಅವನು ಹಣೆ ಒರೆಸಿಕೊಂಡ. ಆಮೇಲೆ, ನಾನೇನೂ ಹೇಳದೆಯೇ, ಆ ಹೆಸರನ್ನು ಅಳಿಸಿ ಲೀ ಷುಯ್ ಷೆಂಗ್ ಎಂದು ಹಾಕಿದ.

ಮೊದಲ ಸಲಕ್ಕೇ ಬಂತು. ಮೂರು ಅಕ್ಷರ, ಒಂದು ಗೀಟೂ ತಪ್ಪದೆ. ಪ್ರಿಂಟು ಕೊಟ್ಟೆವು, ಕಾಗದದ ಮೇಲೂ ಬಂತು.

ಅವನು ಅದನ್ನು ಅಳಿಸಿ ಪುನಃ ವಾಂಗ್ ಎಂದು ಹಾಕಿದ. ಚೌಕ. ಲೀ ಎಂದು ಹಾಕಿದ. ಅಕ್ಷರ. ಗಾವೊ ಕುರ್ಚಿಯಿಂದ ಎದ್ದು, ಕಂಪ್ಯೂಟರಿಗೆ ಬೆನ್ನು ತೋರಿಸದೆ ಹಿಂದೆ ಹಿಂದೆ ಸರಿದು ಗೋಡೆಗೆ ಒರಗಿ ನಿಂತ. ತನ್ನ ಭಾಷೆಯಲ್ಲಿ ಏನೋ ಹೇಳಿಕೊಂಡ. ರಾಯ್ಕರ್ ಸಾಹೇಬರು ತಮ್ಮ ಮೇಜಿನಿಂದ ಇದನ್ನೆಲ್ಲ ನೋಡುತ್ತಿದ್ದರು. "ಅರೇ ದೇವಾ," ಎಂದಷ್ಟೇ ಅಂದರು.

ಇಂಥ ಹೊತ್ತಿನಲ್ಲಿ ಮನುಷ್ಯನಿಗೆ ಭಯವಾಗಬೇಕು, ಭಕ್ತಿ ಬರಬೇಕು ಎನ್ನುತ್ತಾರೆ. ನನಗೆ ಎರಡೂ ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. ಮೂರು ಅಕ್ಷರ ಸುಳ್ಳಾದರೇನು? ಈ ಊರಿನಿಂದ ಹೊರಗೆ ಹೋಗುತ್ತಿದ್ದ ಅದಿರಿನ ಕಾಗದಗಳಲ್ಲಿ ಸುಳ್ಳು ಎಷ್ಟಿತ್ತೆಂದು ನನಗೆ ಗೊತ್ತಿಲ್ಲವೇ? ಅವೆಲ್ಲ ಚೆನ್ನಾಗಿಯೇ ಅಚ್ಚಾಗುತ್ತಿದ್ದವು. ಒಬ್ಬ ಹುಡುಗನ ಕಾಲು ಉಳಿಸುವ ಸುಳ್ಳೊಂದೇ ಅಚ್ಚಾಗಬಾರದೇ?

ಗಾವೊ ಹಡಗಿಗೆ ಫೋನ್ ಮಾಡಿದ. ಅರಚಾಟವೇ ನಡೆಯಿತು. ಕೊನೆಗೆ ಕ್ಯಾಪ್ಟನ್ ಸೋತ. ಹುಡುಗನ ನಿಜವಾದ ಹೆಸರಿನಲ್ಲೇ ವರದಿ, ಜೊತೆಗೆ ಹೀಗೆ ಹೀಗಾಯಿತೆಂದು ಒಂದು ಪತ್ರ ಕಳಿಸಿದೆವು. ಉತ್ತರ ಈ ಸಲ ಬೇಗನೆ ಬಂತು: ಈ ಹೆಸರಿನ ನಾವಿಕ ಆ ಹಡಗಿನಲ್ಲಿಲ್ಲ, ಖಾತರಿ ಕೊಡಲಾಗುವುದಿಲ್ಲ.

"ನೋಡಿದ್ಯಾ?" ಎಂದರು ಸಾಹೇಬರು. "ಸುಳ್ಳು ಹೆಸ್ರು ಬರುದಿಲ್ಲ, ಖರೇ ಹೆಸ್ರು ನಡೆಯುದಿಲ್ಲ. ಇನ್ನು ಎಂತಾ ಮಾಡುದು ಹೇಳು."

ನಾನು ಬಾಯಿಗೆ ಬಂದದ್ದೆಲ್ಲ ಅಂದೆ. ಅವರೂ ಬಿಡಲಿಲ್ಲ. ಇಬ್ಬರೂ ಕೂಗಾಡುತ್ತಿರುವಾಗಲೇ ಫೋನು ಬಡಿದುಕೊಂಡಿತು. ಮಂಗಲಕ್ಕ.

"ತಮಾ, ನಿಮ್ಮ ಕಾಗದ ನಿಮ್ಮ ಹತ್ರೇ ಇಟ್ಕಳಿ. ಡಾಕ್ಟ್ರು ಅಂಬುಲೆನ್ಸ್ ತರ್ಸಿದ್ರು, ಹುಡ್ಗನ್ನ ಹತ್ಸಾಯ್ತು. ನಾನೂ ಹೊರಟೆ. ನಿಮ್ಮ ಕಚೇರಿ ಎದ್ರಿಗೆ ನಿಲ್ಸ್ತೆ. ಬರುದಾದ್ರೆ ಬನ್ನಿ, ಇಲ್ದಿರೆ ಬಿಡಿ."

ಹೊತ್ತು ಮುಳುಗುವ ಸಮಯಕ್ಕೆ ಗಾಡಿ ಬಂದು ನಿಂತಿತು. ಗಾವೊ ಓಡಿಹೋಗಿ ಹತ್ತಿದ. ನಾನೂ ಹತ್ತಿದೆ. ಸಾಹೇಬರು ರಸ್ತೆಯವರೆಗೆ ಬಂದು ತೆರೆದ ಬಾಗಿಲಿನಿಂದ ಒಳಗೆ ಇಣುಕಿದರು. ಅವರು ಹುಡುಗನನ್ನು ಕಂಡದ್ದು ಅದೇ ಮೊದಲು. ಅವನು ಎಚ್ಚರವಾಗಿದ್ದ. ಅವರನ್ನೇ ನೋಡಿದ. ಸಾಹೇಬರು ನನ್ನ ಕಡೆ ತಿರುಗಿ, ಇಲ್ಲಿ ಬರೆಯಲಾರದ ಒಂದು ಬೈಗುಳ ಬೈದು, ಒಳಗೆ ಹೋಗಿ ಕಚೇರಿಯ ಲೆಟರ್‌ಹೆಡ್ ತಂದರು. ಗಾಡಿಯ ಮೈಗೇ ಅದನ್ನು ಆನಿಸಿ, ಖರ್ಚಿಗೆ ನಾನು ಹೊಣೆ ಎಂದು ಎರಡು ಸಾಲು ಬರೆದು, ಸಹಿ ಹಾಕಿ ನನ್ನ ಮೇಲೆ ಎಸೆದರು. ಈ ಎರಡು ಸಾಲನ್ನು ಹಿಂದಿನ ದಿನವೇ ಬರೆಯಬಹುದಿತ್ತು. ಆ ಮಾತನ್ನು ನಾನು ಅವರಿಗೆ ಆಗಲೂ ಹೇಳಿದೆ, ಆಮೇಲೆ ಕೆಲಸ ಬಿಡುವಾಗಲೂ ಹೇಳಿದೆ.

ಗೋವಾದಲ್ಲಿ ಮೊಣಕಾಲಿನ ಕೆಳಗಿನಿಂದ ಕಾಲು ತೆಗೆದರು. ಒಂದು ದಿನ ಮೊದಲು ತಂದಿದ್ದರೆ ಪ್ರಯತ್ನ ಮಾಡಬಹುದಿತ್ತು, ಈಗ ಜೀವ ಉಳಿದದ್ದೇ ಹೆಚ್ಚು ಎಂದರು ಅಲ್ಲಿಯ ಡಾಕ್ಟರು. ಆಪರೇಷನ್ ಕೋಣೆಯ ಹೊರಗಿನ ಬೆಂಚಿನ ಮೇಲೆ ನಾನು ಮಂಗಲಕ್ಕನಿಗೆ ಚೌಕದ ಕಥೆಯನ್ನೆಲ್ಲ ಹೇಳಿದೆ. ಯಾರಿಗಾದರೂ ಹೇಳಲೇಬೇಕಾಗಿತ್ತು. ಅವರು ನಗಲಿಲ್ಲ, ಆಶ್ಚರ್ಯವನ್ನೂ ಪಡಲಿಲ್ಲ. ಹೇಳಿದರು: "ರಾತ್ರಿ ಇಡೀ ಅಂವ ಸಾಯುದೇ ಅಂದ್ಕಂಡಿದ್ದೆ ನಾನು. ಆ ಸುಳ್ಳು ಹೆಸ್ರಲ್ಲೇ ಸತ್ತಿದ್ರೆ ಸುದ್ದಿ ಯಾರ ಮನೆಗೆ ಹೋಗ್ತಿತ್ತು? ಅವನ ಹೆತ್ತ ಆಯಿ ದಿನಾ ದಾರಿ ನೋಡ್ತಾ ಇರ್ತಿತ್ತು ಅಲ್ದಾ?"

"ಅಂವ ಸಾಯಲಿಲ್ಲ ಮಂಗಲಕ್ಕ," ಎಂದೆ. "ಕಾಲು ಹೋಯ್ತು."

"ಹೌದು," ಎಂದರು.

ಕೆಲವು ವಾರಗಳ ನಂತರ ಹುಡುಗ ಊರಿಗೆ ಹೋದ. ವಾಂಗ್‌ನ ಪಾಸ್‌ಪೋರ್ಟಿನಲ್ಲಿ ಬಂದವನು, ರಾಯಭಾರ ಕಚೇರಿಯವರು ಮಾಡಿಕೊಟ್ಟ ಕಾಗದದ ಮೇಲೆ ಲೀ ಆಗಿ ಹೋದ. ನಾನು ವಿಮಾನ ನಿಲ್ದಾಣದವರೆಗೆ ಹೋಗಿದ್ದೆ. ಗಾಲಿಕುರ್ಚಿಯಲ್ಲಿ ಕೂತು, ನನ್ನ ಕೈಯನ್ನು ಎರಡೂ ಕೈಗಳಲ್ಲಿ ಹಿಡಿದುಕೊಂಡ. ನಾನು ಅವನಿಗೆ ಏನೋ ದೊಡ್ಡ ಉಪಕಾರ ಮಾಡಿದೆನೆಂದು ಗಾವೊ ಹೇಳಿದ್ದನೋ ಏನೋ. ಆ ಕೈಯನ್ನು ಬಿಡಿಸಿಕೊಂಡು ಓಡಿಹೋಗಬೇಕೆನಿಸಿತು.

ಅಲ್ಲಿಂದ ನೇರ ಕಚೇರಿಗೆ ಬಂದೆ. ಯಾಕೆ ಹಾಗೆ ಮಾಡಿದೆನೋ ಗೊತ್ತಿಲ್ಲ, ಕಂಪ್ಯೂಟರು ಹಾಕಿ ಅದೇ ವರದಿ ತೆರೆದೆ. ಆ ದಿನದಿಂದ ಯಾರೂ ಅದನ್ನು ಮುಟ್ಟಿರಲಿಲ್ಲ. ಹೊಸ ಅಚ್ಚು ಹಾಕಿರಲಿಲ್ಲ, ಏನನ್ನೂ ಬದಲಾಯಿಸಿರಲಿಲ್ಲ. ಹೆಸರಿನ ಖಾನೆಯಲ್ಲಿ ವಾಂಗ್ ಹಾಯ್ ಮಿಂಗ್ ಎಂದು ಹಾಕಿ ಪಿಡಿಎಫ್ ಮಾಡಿದೆ.

ಬಂತು. ಮೂರೂ ಅಕ್ಷರ. ಕಂಬ, ಅದಕ್ಕೆ ಮೂರು ಪಟ್ಟಿ, ಅದರ ಪಕ್ಕ ಇನ್ನೆರಡು, ಕಪ್ಪಗೆ ಹೊಳೆಯುತ್ತ.

ಆಮೇಲೆ ಬಲ್ಲವರನ್ನೆಲ್ಲ ಕೇಳಿದ್ದೇನೆ. ಆ ಪ್ರೋಗ್ರಾಮು ಬರೆದವರ ಕಡೆಯ ಒಬ್ಬ ಇಂಜಿನಿಯರು, ಅಚ್ಚುಗಳ ನೆನಪು ಕಂಪ್ಯೂಟರಿನಲ್ಲಿ ಹಳತಾಗಿ ಹಾಗೆ ಆಗುವುದುಂಟು, ಆಫ್ ಮಾಡಿ ಆನ್ ಮಾಡಿದರೆ ಸರಿಹೋಗುತ್ತದೆ ಎಂದ. ನಾನು ಆ ಎರಡು ದಿನಗಳಲ್ಲಿ ಅದನ್ನು ಆಫ್ ಮಾಡಿರಲಿಲ್ಲವೇ? ಕರೆಂಟೇ ಎಷ್ಟು ಸಲ ಹೋಗಿತ್ತು! ಎರಡನೇ ಕಂಪ್ಯೂಟರಿಗೂ ಅದೇ ಮರೆವೇ? ಗಾವೊನ ಬೆರಳಿಗೂ ಬಾರದ್ದು, ಲೀ ಎಂದೊಡನೆ ಬಂದದ್ದು? ಭಾವನಿಗೆ ಹೇಳಿದೆ. ಅವನು ಕೈ ಮುಗಿದು, ದೇವರು ಆ ಹುಡುಗನ ಹೆಸರು ಉಳಿಸಿದ ಎಂದ. ಹೆಸರು ಉಳಿಸಲು ಬಂದವನಿಗೆ ಕಾಲು ಕಾಣಲಿಲ್ಲವೇ ಎಂದು ಕೇಳಿದೆ.

ಅವತ್ತು ಕಚೇರಿಯಲ್ಲಿ ನಾನು ಆ ವರದಿಯನ್ನು ಮತ್ತೆ ಮತ್ತೆ ತೆಗೆದೆ. ಒಂದು ಸಲವಾದರೂ ಚೌಕ ಬರಲಿ, ಒಂದೇ ಒಂದು ಸಲ, ಎಂದು ಹಲ್ಲು ಕಚ್ಚಿಕೊಂಡು ಗುಂಡಿ ಒತ್ತಿದೆ. ಪ್ರಿಂಟರಿನಿಂದ ಹಾಳೆಯ ಮೇಲೆ ಹಾಳೆ ಬಂದು ಬೀಳುತ್ತಿತ್ತು. ಇನ್ನು ಯಾರ ಉಪಯೋಗಕ್ಕೂ ಬಾರದ ಆ ಹೆಸರು ಪ್ರತಿಯೊಂದರ ಮೇಲೂ ಚಂದವಾಗಿ, ಸ್ಪಷ್ಟವಾಗಿ ಅಚ್ಚಾಗಿತ್ತು. ಕಾಗದ ಮುಗಿಯುವವರೆಗೂ ಒತ್ತುತ್ತಲೇ ಇದ್ದೆ.